ಜಮ್ಷೇದ್: ನಮ್ಮ ಜವರಾಯನ ದೂರದ ನೆಂಟ

ಮಕ್ಕಳೇ, ಜಾರ್ಖಂಡ್ ರಾಜ್ಯದ ನಕ್ಷೆಯಲ್ಲಿ ಜಮ್ಷೆಡ್‌ಪುರ ಎಂಬ ಊರನ್ನು ನೀವು ಗುರುತು ಮಾಡಿರುತ್ತೀರಿ. ‘ಭಾರತದ ಉಕ್ಕಿನ ನಗರ ಯಾವುದು?’ ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿಯೂ ಬರೆದಿರುತ್ತೀರಿ. ಆ ಊರಿಗೆ ಆ ಹೆಸರು ಬಂದದ್ದು ಉದ್ಯಮಿ ಜಮ್ಷೆಡ್‌ಜಿ ಟಾಟಾ ಅವರಿಂದ ಎಂಬುದೂ ಗೊತ್ತಿರಬಹುದು. ಆದರೆ ಟಾಟಾ ಅವರಿಗೆ ಆ ಹೆಸರು ಎಲ್ಲಿಂದ ಬಂತು? ಜಮ್ಷೆಡ್ ಎಂದರೆ ಏನರ್ಥ?

‘ಅದು ಪಾರ್ಸಿಗಳ ಹೆಸರು, ನಮಗೇಕೆ ಆ ಉಸಾಬರಿ?’ ಎಂದು ಬಿಟ್ಟುಬಿಡುವ ಹಾಗಿಲ್ಲ. ಏಕೆಂದರೆ ಆ ಹೆಸರಿನ ಅರ್ಧ ಭಾಗ ನಮ್ಮ ಮೈಸೂರು, ಮಂಡ್ಯ, ಹಾಸನದ ಹಳ್ಳಿಗಳಲ್ಲೇ ಇದೆ. ನಿಮ್ಮ ತಾತನದೋ ಮುತ್ತಾತನದೋ ಹೆಸರು ಜವರಯ್ಯ, ಜವರಪ್ಪ ಅಥವಾ ಜವರೇಗೌಡ ಎಂದಿದ್ದರೆ ಜಮ್ಷೆಡ್ ನಿಮ್ಮ ಮನೆಗೇ ನೆಂಟ. ಅದು ಹೇಗೆಂದು ಹೇಳುತ್ತೇನೆ. ಸ್ವಲ್ಪ ದೂರ ಹೋಗಬೇಕು. ಅಜ್ಜ ಅಜ್ಜಿಯರನ್ನೂ ಜೊತೆಗೆ ಕರೆದುಕೊಳ್ಳಿ.

ಎರಡು ಮಾತು ಸೇರಿದ ಹೆಸರು

ಮೊದಲು ಉಚ್ಚಾರಣೆಯ ವಿಷಯ. ನಾವು ಕನ್ನಡದಲ್ಲಿ ಜಮ್ಷೆಡ್ ಎಂದು ‘ಡ’ ಹಾಕಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ‘ದ’ಕ್ಕೂ ‘ಡ’ಕ್ಕೂ ಒಂದೇ ಅಕ್ಷರವಾದ್ದರಿಂದ ಈ ರೂಢಿ ಬಂದಿದೆ. ಹೆಸರಿನ ಮೂಲವಾದ ಪರ್ಷಿಯನ್ ಭಾಷೆಯಲ್ಲಿ ಅದು ‘ದ’: ಜಮ್ಷೇದ್. ಇಂದಿನ ಇರಾನಿನವರು ಜಮ್ಷೀದ್ ಎನ್ನುತ್ತಾರೆ. ಭಾರತ, ಅಫ್ಘಾನಿಸ್ತಾನ, ತಜಕಿಸ್ತಾನಗಳಲ್ಲಿ ಹಳೆಯ ‘ಏ’ಕಾರ ಉಳಿದುಕೊಂಡಿದೆ.

ಈ ಹೆಸರು ಸಿಗುವ ಅತ್ಯಂತ ಹಳೆಯ ಗ್ರಂಥ ಅವೆಸ್ತಾ. ಇದು ಜರತುಷ್ಟ್ರ ಪ್ರವಾದಿಯ ಅನುಯಾಯಿಗಳ, ಎಂದರೆ ಪಾರ್ಸಿಗಳ ಪವಿತ್ರ ಗ್ರಂಥ. ಅಲ್ಲಿ ಈ ಹೆಸರು ಇನ್ನೂ ಒಂದಾಗಿ ಬೆಸೆದುಕೊಂಡಿಲ್ಲ. ‘ಯಿಮ ಖ್ಷಯೇತ’ ಎಂದು ಎರಡು ಬಿಡಿ ಮಾತುಗಳಾಗಿವೆ. ಯಿಮ ಎಂಬುದು ಒಬ್ಬ ರಾಜನ ಹೆಸರು. ಖ್ಷಯೇತ ಎಂದರೆ ಬೆಳಗುವವನು, ಪ್ರಕಾಶಮಾನನಾದವನು. ನಾವು ‘ಶ್ರೀರಾಮ’ ಎನ್ನುವಾಗ ಹೆಸರಿಗೆ ಗೌರವ ಸೇರಿಸುತ್ತೇವಲ್ಲ, ಹಾಗೆ ಅವರು ಯಿಮನಿಗೆ ಬೆಳಕು ಸೇರಿಸಿ ಕರೆದರು. ಸಾವಿರಾರು ವರ್ಷ ನಾಲಿಗೆಯ ಮೇಲೆ ಉರುಳಿ ಉರುಳಿ ಯಿಮ ‘ಜಮ್’ ಆಯಿತು, ಖ್ಷಯೇತ ‘ಷೇದ್’ ಆಯಿತು.

ಈ ‘ಷೇದ್’ ಇನ್ನೊಂದು ಹೆಸರಿನ ಬಾಲದಲ್ಲೂ ಇದೆ. ಖುರ್ಷೇದ್ ಎಂಬ ಹೆಸರನ್ನು ಕೇಳಿರಬಹುದು. ಹಾಗೆಂದರೆ ಸೂರ್ಯ. ಬೆಳಗುವ ಸೂರ್ಯ ಖುರ್ಷೇದ್, ಬೆಳಗುವ ಯಿಮ ಜಮ್ಷೇದ್.

ಸರಿ, ಈ ಯಿಮ ಯಾರು?

ತಂದೆಯೂ ಒಬ್ಬನೇ

ಯಿಮನ ತಂದೆಯ ಹೆಸರನ್ನು ಅವೆಸ್ತಾ ‘ವಿವಂಘ್ವಂತ’ ಎನ್ನುತ್ತದೆ. ನಮ್ಮ ಋಗ್ವೇದದಲ್ಲಿ ಯಮನ ತಂದೆ ವಿವಸ್ವಂತ, ಎಂದರೆ ಸೂರ್ಯ. ಎರಡನ್ನೂ ಪಕ್ಕಪಕ್ಕ ಇಟ್ಟು ಜೋರಾಗಿ ಹೇಳಿ ನೋಡಿ: ವಿವಂಘ್ವಂತನ ಮಗ ಯಿಮ, ವಿವಸ್ವಂತನ ಮಗ ಯಮ. ಮಗನೂ ಅದೇ, ತಂದೆಯೂ ಅದೇ! ನಡುವೆ ‘ಸ’ ಇದ್ದ ಕಡೆ ‘ಹ’ದ ಉಸಿರು ಬಂದಿದೆ, ಅಷ್ಟೇ.

ಇದು ಆಕಸ್ಮಿಕವಲ್ಲ. ಸಂಸ್ಕೃತದ ‘ಸ’ ಇರಾನಿನ ಹಳೆಯ ಭಾಷೆಗಳಲ್ಲಿ ಬಹುಮಟ್ಟಿಗೆ ‘ಹ’ ಆಗುತ್ತದೆ. ನಮ್ಮ ಸೋಮ ಅವರಲ್ಲಿ ಹವೋಮ. ಸಪ್ತ ಅಲ್ಲಿ ಹಪ್ತ. ಸಿಂಧು ಎಂಬ ನದಿಯ ಹೆಸರು ಅವರ ಬಾಯಲ್ಲಿ ಹಿಂದು ಆಯಿತು. ಅಸುರ ಎಂಬುದು ಅಹುರ ಆಯಿತು. ಅವರಿಗೆ ಅಹುರ ಮಜ್ದಾ ಎಂದರೆ ಪರಮಾತ್ಮ. ಇದೇನು ವಿಚಿತ್ರ ಎನ್ನಬೇಡಿ. ನಮ್ಮ ಕನ್ನಡವೂ ಇಂಥದ್ದೇ ಒಂದು ಆಟ ಆಡಿದೆ. ಹಳಗನ್ನಡದ ಪಾಲು ಇಂದು ಹಾಲು, ಪುಲಿ ಇಂದು ಹುಲಿ, ಪೂ ಇಂದು ಹೂ. ಭಾಷೆಗಳಿಗೆ ‘ಹ’ ಎಂಬ ಉಸಿರಿನ ಮೇಲೆ ಅದೇನೋ ಪ್ರೀತಿ.

ಯಮ, ಯಿಮ ಎರಡಕ್ಕೂ ಮೂಲ ಅರ್ಥ ಅವಳಿ. ಋಗ್ವೇದದ ಯಮನಿಗೆ ಯಮಿ ಎಂಬ ಅವಳಿ ತಂಗಿ ಇದ್ದಾಳೆ. ಯಶೋದೆ ಒರಳಿಗೆ ಕಟ್ಟಿಹಾಕಿದಾಗ ಬಾಲಕೃಷ್ಣ ಒರಳನ್ನು ಎಳೆದುಕೊಂಡು ಹೋಗಿ ಕೆಡವಿದ ಜೋಡಿ ಮರಗಳ ಹೆಸರು ನೆನಪಿದೆಯೇ? ಯಮಳಾರ್ಜುನ. ಅಲ್ಲಿರುವ ‘ಯಮಳ’ಕ್ಕೂ ಜೋಡಿ ಎಂದೇ ಅರ್ಥ.

ಬಹಳ ಹಿಂದೆ, ವೇದದ ಜನರ ಮತ್ತು ಇರಾನಿನ ಜನರ ಪೂರ್ವಿಕರು ಒಂದೇ ಭಾಷೆ ಆಡುತ್ತಿದ್ದರು, ಒಂದೇ ಕಥೆ ಹೇಳಿಕೊಳ್ಳುತ್ತಿದ್ದರು. ಆಮೇಲೆ ಅವರ ದಾರಿಗಳು ಬೇರೆಯಾದವು. ಕಥೆಯನ್ನು ಇಬ್ಬರೂ ಗಂಟುಕಟ್ಟಿಕೊಂಡು ಹೋದರು. ಅಣ್ಣ ತಮ್ಮಂದಿರು ಪಾಲಾದಾಗ ಅಜ್ಜಿಯ ಕಾಲದ ಪಾತ್ರೆಗಳು ಎರಡೂ ಮನೆಯಲ್ಲಿ ಇರುತ್ತವಲ್ಲ, ಹಾಗೆ.

ನಮ್ಮ ಕಡೆ ಯಮ ಮೊದಲು ಮಡಿದ ಮನುಷ್ಯನಾದ. ಸತ್ತವರು ಹೋಗುವ ದಾರಿಯನ್ನು ಮೊದಲು ಕಂಡುಹಿಡಿದವನು ಅವನೇ ಎನ್ನುತ್ತದೆ ವೇದ. ಹಾಗಾಗಿ ಪಿತೃಗಳ ರಾಜನಾದ, ಧರ್ಮರಾಯನಾದ. ಕೋಣವೂ ಪಾಶವೂ ಬಂದದ್ದು ಆಮೇಲೆ. ಇರಾನಿನ ಕಡೆ ಯಿಮ ಸಾವೇ ಇಲ್ಲದ ಚಿನ್ನದ ಕಾಲದ ರಾಜನಾದ. ಅವನ ರಾಜ್ಯದಲ್ಲಿ ಮುಪ್ಪಿಲ್ಲ, ಕೊರೆಯುವ ಚಳಿಯಿಲ್ಲ, ಸುಡುವ ಬಿಸಿಲಿಲ್ಲ. ಒಂದೇ ಹೆಸರಿನವನು ಇಲ್ಲಿ ಸಾವಿನ ದೊರೆ, ಅಲ್ಲಿ ಸಾವಿಲ್ಲದ ನಾಡಿನ ದೊರೆ!

ಇನ್ನೊಂದು ಹೋಲಿಕೆಯನ್ನು ಅಜ್ಜಂದಿರು ಕೂಡಲೇ ಗುರುತಿಸುತ್ತಾರೆ. ಪೂಜೆಯ ಸಂಕಲ್ಪದಲ್ಲಿ ‘ವೈವಸ್ವತ ಮನ್ವಂತರ’ ಎಂದು ಬರುತ್ತದೆ. ವೈವಸ್ವತ ಮನು ಎಂದರೆ ವಿವಸ್ವಂತನ ಮಗ ಮನು, ಯಮನ ಅಣ್ಣತಮ್ಮ. ಮಹಾಪ್ರಳಯ ಬರುತ್ತದೆಂದು ಮೀನು ಹೇಳಿದಾಗ ಹಡಗು ಕಟ್ಟಿ ಪಾರಾದವನು. ಅವೆಸ್ತಾದಲ್ಲಿ ಯಿಮನಿಗೂ ಇಂಥದೇ ಎಚ್ಚರಿಕೆ ಬರುತ್ತದೆ. ಅಲ್ಲಿ ಬರುವುದು ನೀರಲ್ಲ, ಭಯಂಕರ ಚಳಿಗಾಲ. ‘ವರ’ ಎಂಬ ದೊಡ್ಡ ಆವರಣವೊಂದನ್ನು ಕಟ್ಟು, ಅದರೊಳಗೆ ಮನುಷ್ಯರ, ಪ್ರಾಣಿಗಳ, ಗಿಡಮರಗಳ ಉತ್ತಮ ಬೀಜಗಳನ್ನು ಕಾಪಾಡು ಎಂದು ಅಹುರ ಮಜ್ದಾ ಯಿಮನಿಗೆ ಹೇಳುತ್ತಾನೆ. ಮಳೆಯ ನಾಡಿಗೆ ಮಳೆಯ ಭಯ, ಹಿಮದ ನಾಡಿಗೆ ಹಿಮದ ಭಯ.

ಯಾತ್ರೆ ಜಾತ್ರೆಯಾದಂತೆ

ಈಗ ಜವರಯ್ಯನವರ ವಿಷಯಕ್ಕೆ ಬರೋಣ. ಯಿಮ ಎಂಬುದು ‘ಜಮ್’ ಆದದ್ದು ಹೇಗೆ? ‘ಯ’ ಇದ್ದಲ್ಲಿ ‘ಜ’ ಬಂದದ್ದು ಹೇಗೆ?

ಮಕ್ಕಳೇ, ಇದಕ್ಕೆ ಉತ್ತರ ನಿಮ್ಮ ಕನ್ನಡ ವ್ಯಾಕರಣದ ಪುಸ್ತಕದಲ್ಲೇ ಇದೆ. ತತ್ಸಮ ತದ್ಭವದ ಪಟ್ಟಿ ತೆಗೆಯಿರಿ. ಯಾತ್ರೆ ಜಾತ್ರೆ, ಯೋಗಿ ಜೋಗಿ, ಯುಗ ಜುಗ, ಯೌವನ ಜವ್ವನ. ಅದೇ ಸಾಲಿನಲ್ಲಿ ಇನ್ನೊಂದಿದೆ: ಯಮ ಜವ. ಸಂಸ್ಕೃತದ ಮೊದಲಕ್ಷರ ‘ಯ’ ಕನ್ನಡದ ಬಾಯಿಗೆ ಬಂದಾಗ ‘ಜ’ ಆಗುತ್ತದೆ. ಕುಮಾರ ಕುವರನಾದಂತೆ, ನಡುವಿನ ‘ಮ’ ‘ವ’ ಆಗುತ್ತದೆ. ಹೀಗೆ ಯಮರಾಯ ನಮ್ಮ ಜನಪದರ ಜವರಾಯನಾದ. ಯಮಳ ಎಂಬುದೂ ಜವಳವಾಯಿತು, ಜವಳಿಯಾಯಿತು. ಬಟ್ಟೆ ಅಂಗಡಿಯ ಜವಳಿಯಲ್ಲ, ಅವಳಿ ಜವಳಿ ಮಕ್ಕಳ ಜವಳಿ.

ಇರಾನಿನವರೂ ಅದೇ ದಾರಿ ಹಿಡಿದರು. ಅವರ ಹಳೆಯ ಮಾತುಗಳ ಮೊದಲಿನ ‘ಯ’ ಪರ್ಷಿಯನ್ ಭಾಷೆಯಲ್ಲಿ ‘ಜ’ ಆಯಿತು. ಸಂಸ್ಕೃತದಲ್ಲಿ ಯವ ಎಂದರೆ ಒಂದು ಧಾನ್ಯ. ಕನ್ನಡದಲ್ಲಿ ಅದು ಜವೆ, ಪರ್ಷಿಯನ್ನಿನಲ್ಲಿ ಜೌ. ಸಂಸ್ಕೃತದಲ್ಲಿ ಯುವನ್ ಎಂದರೆ ಹರೆಯದವನು. ಪರ್ಷಿಯನ್ನಿನಲ್ಲಿ ಅವನೇ ಜವಾನ್. ಗಡಿ ಕಾಯುವ ಜವಾನ, ಕಚೇರಿಯಲ್ಲಿ ಫೈಲು ತರುವ ಜವಾನ, ಎರಡೂ ಅಲ್ಲಿಂದ ಬಂದವು. ಅಂದರೆ ನಮ್ಮ ಕವಿಗಳ ‘ಜವ್ವನ’ಕ್ಕೂ ಕಚೇರಿಯ ‘ಜವಾನ’ನಿಗೂ ರಕ್ತಸಂಬಂಧ ಇದೆ!

ಹಾಗೆಯೇ ಯಿಮ ಅಲ್ಲಿ ‘ಜಮ್’ ಆದ, ಯಮ ಇಲ್ಲಿ ‘ಜವ’ ಆದ. ಎರಡು ಭಾಷೆಗಳು ಒಂದನ್ನೊಂದು ಕೇಳದೆ, ನೋಡದೆ, ಒಂದೇ ಹೆಸರನ್ನು ಒಂದೇ ರೀತಿ ತಿದ್ದಿಕೊಂಡಿವೆ. ಜಮ್ಷೇದನ ‘ಜಮ್’ ಮತ್ತು ಜವರಯ್ಯನ ‘ಜವ’ ಒಂದೇ ಬಳ್ಳಿಯ ಎರಡು ಕಾಯಿಗಳು.

ಬೆಳಕು ಹಕ್ಕಿಯಾಗಿ ಹಾರಿಹೋದ ಕಥೆ

ಇನ್ನು ಜಮ್ಷೇದನ ಕಥೆ ಕೇಳಿ. ಇದನ್ನು ವಿಸ್ತಾರವಾಗಿ ಹೇಳಿದವನು ಫಿರ್ದೌಸಿ ಎಂಬ ಮಹಾಕವಿ. ಅವನ ‘ಶಾಹನಾಮೆ’ ಮುಗಿದದ್ದು ಕ್ರಿ.ಶ. 1010ರಲ್ಲಿ. ಸುಮಾರು 50,000 ದ್ವಿಪದಿಗಳ ಆ ಕಾವ್ಯ ಇರಾನಿನವರಿಗೆ ನಮ್ಮ ಮಹಾಭಾರತ ಇದ್ದ ಹಾಗೆ.

ಅದರಲ್ಲಿ ಜಮ್ಷೇದ್ 700 ವರ್ಷ ಆಳುತ್ತಾನೆ. ಮೊದಲ 50 ವರ್ಷ ಕಬ್ಬಿಣವನ್ನು ಮೆದುಮಾಡಿ ಕವಚ, ಶಿರಸ್ತ್ರಾಣ, ಆಯುಧ ಮಾಡುವುದನ್ನು ಕಲಿಸಿದ. ಮುಂದಿನ 50 ವರ್ಷ ನಾರು, ಉಣ್ಣೆ, ರೇಷ್ಮೆಗಳಿಂದ ಬಟ್ಟೆ ನೇಯುವುದನ್ನು ಕಲಿಸಿದ. ಆಮೇಲೆ ಜನರನ್ನು ಅವರವರ ಕಸುಬಿನಂತೆ ವಿಂಗಡಿಸಿದ. ಇಟ್ಟಿಗೆ ಮಾಡಿಸಿ ಮನೆ ಕಟ್ಟಿಸಿದ. ನೆಲದಿಂದ ರತ್ನ ತೆಗೆಸಿದ. ಸುಗಂಧ, ಔಷಧ, ಹಡಗು ಎಲ್ಲವೂ ಅವನ ಕಾಲದಲ್ಲೇ ಬಂದವು.

ಕೊನೆಗೆ ರತ್ನಖಚಿತ ಸಿಂಹಾಸನ ಮಾಡಿಸಿದ. ದೈತ್ಯರು ಅದನ್ನು ಎತ್ತಿ ಆಕಾಶಕ್ಕೇರಿಸಿದರು. ನಡುಬಾನಿನಲ್ಲಿ ಅವನು ಸೂರ್ಯನಂತೆ ಹೊಳೆದ. ಜನ ಆ ದಿನವನ್ನು ‘ನೌರೋಜ್’ ಎಂದು ಕರೆದರು. ನೌ ಎಂದರೆ ಹೊಸ, ರೋಜ್ ಎಂದರೆ ದಿನ. ಹಗಲು ಇರುಳು ಸಮನಾಗುವ ಮಾರ್ಚ್ 20 ಅಥವಾ 21ರಂದು ಇರಾನ್, ತಜಕಿಸ್ತಾನ, ಅಫ್ಘಾನಿಸ್ತಾನ ಮೊದಲಾದ ನಾಡುಗಳಲ್ಲಿ ಇಂದಿಗೂ ಹೊಸ ವರ್ಷದ ಹಬ್ಬ ಇದೇ. ಭಾರತದ ಪಾರ್ಸಿಗಳು ಮಾರ್ಚ್ 21ರ ಈ ಹಬ್ಬವನ್ನು ‘ಜಮ್ಷೇದಿ ನವ್‌ರೋಜ್’ ಎಂದು ಅವನ ಹೆಸರಿನಿಂದಲೇ ಕರೆಯುತ್ತಾರೆ. ವಿಶ್ವಸಂಸ್ಥೆ 2010ರಲ್ಲಿ ಮಾರ್ಚ್ 21ನ್ನು ಅಂತಾರಾಷ್ಟ್ರೀಯ ನೌರೋಜ್ ದಿನ ಎಂದು ಘೋಷಿಸಿತು. ನಮ್ಮ ಯುಗಾದಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ, ಗಮನಿಸಿ.

ಮುನ್ನೂರು ವರ್ಷ ಅವನ ನಾಡಿನಲ್ಲಿ ಯಾರೂ ಸಾಯಲಿಲ್ಲ. ಒಂದು ದಿನ ಜಮ್ಷೇದ್ ತನ್ನ ಸಿಂಹಾಸನವನ್ನು ನೋಡಿದ, ತನ್ನನ್ನು ನೋಡಿಕೊಂಡ. ಇವೆಲ್ಲ ನನ್ನಿಂದಲೇ ಆದದ್ದು, ನಿಮ್ಮ ಊಟ ನಿದ್ದೆ ಉಡುಗೆ ಎಲ್ಲ ನನ್ನದೇ ಕೊಡುಗೆ, ನನ್ನನ್ನೇ ದೇವರೆಂದು ತಿಳಿಯಿರಿ ಎಂದು ಹಿರಿಯರೆದುರು ಹೇಳಿದ. ಹಿರಿಯರು ತಲೆ ತಗ್ಗಿಸಿದರು. ಯಾರೂ ಮಾತಾಡಲಿಲ್ಲ.

ಆ ಗಳಿಗೆಗೆ ಅವನ ಬೆಳಕು ಅವನನ್ನು ಬಿಟ್ಟಿತು. ನ್ಯಾಯವಂತ ರಾಜನ ಮೇಲೆ ಇರುವ ಆ ದೈವೀ ಪ್ರಭೆಗೆ ಪರ್ಷಿಯನ್ನಿನಲ್ಲಿ ‘ಫರ್’ ಎಂಬ ಹೆಸರಿದೆ. ಅವೆಸ್ತಾದಲ್ಲಿ ಇದನ್ನು ಇನ್ನೂ ಚೆನ್ನಾಗಿ ಹೇಳಿದೆ. ಯಿಮ ಸುಳ್ಳಿಗೆ ಮನಸ್ಸು ಕೊಟ್ಟಾಗ ಆ ಪ್ರಭೆ ಒಂದು ಹಕ್ಕಿಯ ರೂಪ ತಾಳಿ ಹಾರಿಹೋಯಿತಂತೆ. ಎಲ್ಲರ ಕಣ್ಣೆದುರಿಗೇ.

ಮುಂದಿನದು ದುಃಖದ ಕಥೆ. ಭುಜಗಳ ಮೇಲೆ ಎರಡು ಹಾವು ಬೆಳೆದಿದ್ದ ಜಹಾಕ್ ಎಂಬ ಕ್ರೂರಿಯನ್ನು ಜನ ತಾವೇ ಹೋಗಿ ಕರೆತಂದರು. ಜಮ್ಷೇದ್ ನೂರು ವರ್ಷ ತಲೆಮರೆಸಿಕೊಂಡು ಕೊನೆಗೆ ಅವನ ಕೈಗೆ ಸಿಕ್ಕಿ ಸತ್ತ. ಜಹಾಕನ ಕಾಟ ಸಾವಿರ ವರ್ಷ ನಡೆಯಿತು. ಅವನ ವಿರುದ್ಧ ಮೊದಲು ಎದ್ದು ನಿಂತವನು ರಾಜನಲ್ಲ, ಕಾವೆ ಎಂಬ ಒಬ್ಬ ಕಮ್ಮಾರ. ತನ್ನ ಚರ್ಮದ ಮುಂಗವಚವನ್ನೇ ಕೋಲಿಗೆ ಕಟ್ಟಿ ಬಾವುಟ ಮಾಡಿದ.

ಮಕ್ಕಳಿಗೆ ಒಂದು ಪ್ರಶ್ನೆ ಬರಬೇಕು. ಅಹಂಕಾರದಿಂದ ಕೆಟ್ಟ ರಾಜನ ಹೆಸರನ್ನು ತಾಯ್ತಂದೆಯರು ಮಗನಿಗೆ ಏಕೆ ಇಡುತ್ತಾರೆ? ನನಗೆ ತೋಚುವ ಉತ್ತರ ಇದು. ಹೆಸರಿನಲ್ಲಿ ಎರಡು ಮಾತಿವೆ. ‘ಜಮ್’ ಬಿದ್ದವನ ಹೆಸರು. ‘ಷೇದ್’ ಬೆಳಕು, ಅದು ಬೀಳಲಿಲ್ಲ. ಬಿಟ್ಟುಹೋದ ಬೆಳಕು ನಮ್ಮ ಮಗನ ಮೇಲಾದರೂ ಬಂದು ಕೂರಲಿ ಎಂದು ಪ್ರತಿ ತಾಯಿಯೂ ಆಸೆಪಡುತ್ತಾಳೆ.

ಸಮರಕಂದದಿಂದ ಜಂಜಿಬಾರಿನವರೆಗೆ

ಆ ಆಸೆ ಎಷ್ಟು ದೂರ ಹರಡಿತು ನೋಡಿ. ಇರಾನಿನಲ್ಲಿ ಇಸ್ಲಾಂ ಧರ್ಮ ಬಂದ ಮೇಲೂ ಈ ಹಳೆಯ ಹೆಸರು ಅಳಿಯಲಿಲ್ಲ. ಮುಸ್ಲಿಂ ತಂದೆತಾಯಿಗಳೂ ಪ್ರೀತಿಯಿಂದ ಇಟ್ಟರು. ಷಿರಾಜ್ ನಗರದ ಬಳಿ ಪ್ರಾಚೀನ ಅರಮನೆಯೊಂದರ ಭವ್ಯ ಅವಶೇಷಗಳಿವೆ. ಕಟ್ಟಿಸಲು ಆರಂಭಿಸಿದವನು ಸಾಮ್ರಾಟ ಡೇರಿಯಸ್, ಕ್ರಿ.ಪೂ. 518ರ ಸುಮಾರಿಗೆ. ಸುಟ್ಟವನು ಅಲೆಗ್ಸಾಂಡರ್, ಕ್ರಿ.ಪೂ. 330ರಲ್ಲಿ. ಕಾಲಕ್ರಮದಲ್ಲಿ ಜನ ಕಟ್ಟಿಸಿದವನನ್ನು ಮರೆತರು. ಇಷ್ಟು ದೊಡ್ಡ ಕಂಬಗಳನ್ನು ನಿಲ್ಲಿಸಲು ಜಮ್ಷೇದನಿಗಲ್ಲದೆ ಇನ್ನಾರಿಗೆ ಸಾಧ್ಯ ಎಂದುಕೊಂಡರು. ಹಾಗಾಗಿ ಇಂದಿಗೂ ಅದರ ಹೆಸರು ‘ತಖ್ತ್-ಎ-ಜಮ್ಷೀದ್’, ಜಮ್ಷೇದನ ಸಿಂಹಾಸನ. ನಮ್ಮಲ್ಲಿ ದೊಡ್ಡ ಬಂಡೆ ಕಂಡರೆ ‘ಭೀಮ ಎಸೆದದ್ದು’ ಎನ್ನುವುದಿಲ್ಲವೇ, ಹಾಗೆಯೇ. ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಪರ್ಸೆಪೊಲಿಸ್. 1979ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಲೆಕ್ಕ ಇಷ್ಟವಿರುವ ಮಕ್ಕಳಿಗೆ ಒಬ್ಬ ಜಮ್ಷೇದನ ಪರಿಚಯ ಮಾಡಿಸಲೇಬೇಕು. ಇರಾನಿನ ಕಾಷಾನ್ ಎಂಬ ಊರಿನ ಘಿಯಾಸುದ್ದೀನ್ ಜಮ್ಷೀದ್ ಅಲ್-ಕಾಷಿ. ಸಮರಕಂದ ನಗರದಲ್ಲಿ ದೊರೆ ಉಲುಘ್ ಬೇಗನ ಖಗೋಳ ವೀಕ್ಷಣಾಲಯದಲ್ಲಿ ಕೆಲಸ ಮಾಡಿದವನು. ಅವನು 1424ರಲ್ಲಿ ಪೈ ಬೆಲೆಯನ್ನು ದಶಮಾಂಶ ಬಿಂದುವಿನ ನಂತರ 16 ಸ್ಥಾನಗಳವರೆಗೆ ಸರಿಯಾಗಿ ಕಂಡುಹಿಡಿದ. ಕಂಪ್ಯೂಟರ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ. ಅವನನ್ನು ಮೀರಿಸಲು ಲೋಕಕ್ಕೆ ಸುಮಾರು 170 ವರ್ಷ ಬೇಕಾಯಿತು. ದಶಮಾಂಶ ಭಿನ್ನರಾಶಿಗಳಲ್ಲಿ ಲೆಕ್ಕ ಮಾಡುವ ಕ್ರಮವನ್ನೂ ಅವನು ತನ್ನ ಗಣಿತ ಗ್ರಂಥದಲ್ಲಿ ವಿವರಿಸಿದ. 1957ರಲ್ಲಿ ರೂಪಾಯಿ ಆಣೆ ಹೋಗಿ ನಯಾಪೈಸೆ ಬಂದದ್ದನ್ನು ಕಂಡ ಅಜ್ಜ ಅಜ್ಜಿಯರಿಗೆ ದಶಮಾಂಶದ ಸುಖ ಗೊತ್ತು. ಲೆಡ್ಜರ್ ಬರೆದೇ ಹೊಟ್ಟೆ ಹೊರೆದ ನನಗಂತೂ ಈ ಜಮ್ಷೇದನ ಮೇಲೆ ವಿಶೇಷ ಗೌರವ. ಫ್ರಾನ್ಸಿನ ಶಾಲೆಗಳಲ್ಲಿ ತ್ರಿಭುಜದ ಒಂದು ಪ್ರಮೇಯವನ್ನು ಇಂದಿಗೂ ‘ಅಲ್-ಕಾಷಿ ಪ್ರಮೇಯ’ ಎಂದೇ ಕರೆಯುತ್ತಾರೆ.

ನಮ್ಮ ದಖ್ಖನಿಗೂ ಈ ಹೆಸರು ಬಂತು. ಗೋಲ್ಕೊಂಡವನ್ನು 1543ರಿಂದ 1550ರವರೆಗೆ ಆಳಿದವನು ಜಮ್ಷೀದ್ ಕುಲಿ ಕುತುಬ್ ಷಾ. ಆಗ ಬೀದರ್, ಬಿಜಾಪುರ, ಗೋಲ್ಕೊಂಡದ ಆಸ್ಥಾನಗಳಲ್ಲಿ ಪರ್ಷಿಯನ್ ನಡೆಯುತ್ತಿತ್ತು. ಜಮೀನು, ದರಬಾರು, ಕಾರ್ಖಾನೆ, ಬಂದೋಬಸ್ತು, ಪರವಾನಗಿ ಎಲ್ಲ ಆ ಭಾಷೆಯಿಂದ ನಮಗೆ ಬಂದ ಮಾತುಗಳು. ನನ್ನ ಹುದ್ದೆಯ ಹೆಸರು ‘ಗುಮಾಸ್ತ’ ಕೂಡ ಪರ್ಷಿಯನ್ನೇ!

ಇಂದು ತಜಕಿಸ್ತಾನ, ಉಜ್ಬೇಕಿಸ್ತಾನಗಳಲ್ಲಿ ಜಮ್ಷೇದ್ ಹುಡುಗರಿಗೆ ಇಡುವ ಜನಪ್ರಿಯ ಹೆಸರು. ತಜಕಿಸ್ತಾನದಲ್ಲಿ ಅದನ್ನು ರಷ್ಯನ್ ಮಾದರಿಯ ಲಿಪಿಯಲ್ಲಿ ಬರೆಯುತ್ತಾರೆ. ಅಫ್ಘಾನಿಸ್ತಾನದಲ್ಲಿ ಜಮ್ಷೀದಿ ಎಂಬ ಒಂದು ಬುಡಕಟ್ಟೇ ಇದೆ. ತುರ್ಕಿಯವರು ಬಾಲ ಕತ್ತರಿಸಿ ‘ಜೆಮ್’ ಎಂದಷ್ಟೇ ಇಡುತ್ತಾರೆ. ಆಫ್ರಿಕದ ಕರಾವಳಿಯ ಜಂಜಿಬಾರ್ ದ್ವೀಪದ ಕೊನೆಯ ಸುಲ್ತಾನನ ಹೆಸರೂ ಜಮ್ಷೀದ್. 1963ರಲ್ಲಿ ಪಟ್ಟಕ್ಕೆ ಬಂದು 1964ರ ಜನವರಿಯಲ್ಲಿ ಕ್ರಾಂತಿಯಾಗಿ ಸಿಂಹಾಸನ ಕಳೆದುಕೊಂಡ. ಕರಾಚಿ ನಗರದ ಮೊದಲ ಮೇಯರ್ ಜಮ್ಷೇದ್ ನುಸ್ಸೆರ್ವಾನ್‌ಜಿ ಎಂಬ ಪಾರ್ಸಿ. ಅಲ್ಲಿ ಅವರ ಹೆಸರಿನ ರಸ್ತೆಯಿದೆ. ಭಾರತದಲ್ಲಿ ಪಾರ್ಸಿಗಳೇ ಅಪರೂಪ. 2011ರ ಜನಗಣತಿಯಲ್ಲಿ ದೇಶದ ಪಾರ್ಸಿಗಳ ಸಂಖ್ಯೆ 57,264. ನಮ್ಮ ಒಂದು ಪಟ್ಟಣದ ಜನಸಂಖ್ಯೆಯಷ್ಟು!

ಕಬ್ಬಿಣ, ರೇಷ್ಮೆ, ವಿದ್ಯೆ

ಆದರೂ ಭಾರತದಲ್ಲಿ ಈ ಹೆಸರನ್ನು ಕೇಳದವರಿಲ್ಲ. ಮುಂಬಯಿಯ ಜೆ.ಜೆ. ಆಸ್ಪತ್ರೆಯ ಮೊದಲ ‘ಜೆ’ ಎಂದರೆ ಜಮ್ಷೆಡ್‌ಜಿ. ಸರ್ ಜಮ್ಷೆಡ್‌ಜಿ ಜೀಜೀಭಾಯ್ ಎಂಬ ದಾನಿ ವ್ಯಾಪಾರಿಯ ಹೆಸರು ಅದು. ಮತ್ತೊಬ್ಬರು ಗುಜರಾತಿನ ನವಸಾರಿಯಲ್ಲಿ 1839ರ ಮಾರ್ಚ್ 3ರಂದು ಹುಟ್ಟಿದ ಜಮ್ಷೆಡ್‌ಜಿ ನುಸ್ಸೆರ್ವಾನ್‌ಜಿ ಟಾಟಾ.

ಪುರಾಣದ ಜಮ್ಷೇದ್ ಕಬ್ಬಿಣ ಮೆದುಮಾಡಿದ, ಬಟ್ಟೆ ನೇಯಿಸಿದ ಎಂದೆನಲ್ಲ. ಈ ಜಮ್ಷೆಡ್‌ಜಿ 1877ರಲ್ಲಿ ನಾಗಪುರದಲ್ಲಿ ಹತ್ತಿ ಗಿರಣಿ ಆರಂಭಿಸಿದರು. ಜಪಾನಿಗೆ ಹೋಗಿ ರೇಷ್ಮೆ ಕೃಷಿ ನೋಡಿ ಬಂದು, ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿ ಜಪಾನಿ ತಜ್ಞರನ್ನು ಕರೆಸಿದರು. ಬಸವನಗುಡಿಯ ಕಡೆ ಹೋದರೆ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಇಂದಿಗೂ ಕೇಳಿಸುತ್ತದೆ. ಆ ತೋಟದ ನೆನಪು ಅದು.

ಅವರ ಎರಡು ದೊಡ್ಡ ಕನಸುಗಳು ಬೇರೆ ಇದ್ದವು. ಒಂದು ಉಕ್ಕಿನ ಕಾರ್ಖಾನೆ. ಇನ್ನೊಂದು ಭಾರತೀಯರು ಉನ್ನತ ವಿಜ್ಞಾನ ಕಲಿಯುವ ಸಂಸ್ಥೆ. ವಿದ್ಯಾಸಂಸ್ಥೆಗಾಗಿ ತಮ್ಮ ಆಸ್ತಿಯ ದೊಡ್ಡ ಭಾಗವನ್ನು ತೆಗೆದಿಟ್ಟರು. ಸ್ವಾಮಿ ವಿವೇಕಾನಂದರಿಗೆ 1898ರಲ್ಲಿ ಆ ಕುರಿತು ಪತ್ರ ಬರೆದರು. ಆದರೆ 1904ರ ಮೇ 19ರಂದು ಜರ್ಮನಿಯಲ್ಲಿ ತೀರಿಕೊಂಡರು.

ಆಮೇಲೆ ಏನಾಯಿತು? ಮೈಸೂರು ಅರಸರು ಬೆಂಗಳೂರಿನಲ್ಲಿ ಸುಮಾರು 371 ಎಕರೆ ಜಾಗ ಕೊಟ್ಟರು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಹಳೆಯ ಬೆಂಗಳೂರಿಗರು ಅದನ್ನು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವುದು. ಉಕ್ಕಿನ ಕಾರ್ಖಾನೆಯ ಮೊದಲ ಉಕ್ಕು 1912ರಲ್ಲಿ ಬಂತು. ಕಾರ್ಖಾನೆ ಬೆಳೆದ ಸಾಕ್ಚಿ ಎಂಬ ಊರಿಗೆ 1919ರಲ್ಲಿ ವೈಸರಾಯ್ ಚೆಲ್ಮ್ಸ್‌ಫರ್ಡ್ ಜಮ್ಷೆಡ್‌ಪುರ ಎಂದು ಹೆಸರಿಟ್ಟರು.

ಲೆಕ್ಕ ಹಾಕಿ ನೋಡಿ. ಸಂಸ್ಥೆ ಅವರು ಹೋಗಿ 5 ವರ್ಷಕ್ಕೆ, ಉಕ್ಕು 8 ವರ್ಷಕ್ಕೆ, ಊರಿನ ಹೆಸರು 15 ವರ್ಷಕ್ಕೆ. ಒಂದನ್ನೂ ಅವರು ಕಣ್ಣಿನಿಂದ ಕಾಣಲಿಲ್ಲ. ಆ ರಾಜ ಜಮ್ಷೇದ್ ಮಾಡಿದ್ದನ್ನೆಲ್ಲ ಕಂಡು ‘ಎಲ್ಲ ನನ್ನಿಂದ’ ಎಂದ, ಬೆಳಕು ಹಾರಿಹೋಯಿತು. ಈ ಜಮ್ಷೆಡ್‌ಜಿ ನೆಟ್ಟ ಮರದ ಹಣ್ಣು ತಿನ್ನಲಿಲ್ಲ, ಬೆಳಕು ಹೆಸರಿನ ಮೇಲೆ ಬಂದು ಕೂತಿತು.

ಬಗ್ಗಿ ಹೇಳಿದ ಹೆಸರು

ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ದಿನವಿಡೀ ಹೆಸರುಗಳದೇ ಸಹವಾಸ. ಒಮ್ಮೆ ಒಬ್ಬ ಹುಡುಗ ತಾತನ ಜೊತೆ ಖಾತೆ ತೆರೆಯಲು ಬಂದಿದ್ದ. ಅರ್ಜಿಯಲ್ಲಿ ತಾತನ ಹೆಸರಿನ ಜಾಗದಲ್ಲಿ ಬರೀ ‘ಜೆ.’ ಎಂದು ಬರೆದಿದ್ದ. ‘ಪೂರ್ತಿ ಹೆಸರು ಬೇಕಪ್ಪ’ ಎಂದೆ. ಹಿಂದೆ ನಿಂತ ಗೆಳೆಯರಿಗೆ ಕೇಳಿಸಬಾರದೆಂದು ಅವನು ಬಗ್ಗಿ, ‘ಜವರಯ್ಯ ಸಾರ್’ ಎಂದು ಪಿಸುಗುಟ್ಟಿದ. ತಾತ ಪಕ್ಕದಲ್ಲೇ ಇದ್ದರು. ಅವರ ಕಿವಿ ಮಂದವಾಗಿರಲಿಲ್ಲ. ಏನೂ ಹೇಳದೆ ಹೆಬ್ಬೆಟ್ಟು ಒತ್ತಲು ಕೈ ಚಾಚಿದರು.

ಇಂಥ ಹುಡುಗರು ಒಬ್ಬಿಬ್ಬರಲ್ಲ. ಜವರಯ್ಯ, ತಿಪ್ಪಯ್ಯ, ಕೆಂಚಮ್ಮ, ಗುಂಡಪ್ಪ ಎಂಬ ಹೆಸರುಗಳನ್ನು ಹಾಜರಿ ಕರೆಯುವಾಗ ಕೇಳಿದರೆ ತರಗತಿಯಲ್ಲಿ ನಗು ಏಳುತ್ತದೆ. ಹುಟ್ಟಿದ ಕೂಸುಗಳು ಉಳಿಯದ ಕಾಲದಲ್ಲಿ, ಮಗುವನ್ನು ತಿಪ್ಪೆಯಲ್ಲಿ ಉರುಳಿಸಿ ತಿಪ್ಪಯ್ಯ ಎಂದು ಕರೆದರೆ ಸಾವಿನ ಕಣ್ಣು ಬೀಳುವುದಿಲ್ಲ ಎಂದು ನಂಬಿದ್ದ ತಾಯಿಯ ಕಣ್ಣೀರು ಆ ಹೆಸರಿನಲ್ಲಿದೆ. ಇನ್ನು ಜವರಾಯ? ಅವನು ಬಡವ ಬಲ್ಲಿದ ಎಂದು ನೋಡದವನು, ಲಂಚ ತಿನ್ನದವನು, ಬಾಲಕ ನಚಿಕೇತನಿಗೆ ಆತ್ಮವಿದ್ಯೆ ಹೇಳಿಕೊಟ್ಟ ಗುರು. ಅವನ ಹೆಸರನ್ನು ಮಗುವಿಗೆ ಇಡಲು ನಮ್ಮ ಹಿರಿಯರು ಅಂಜಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ವಿದ್ವಾಂಸ ದೇ. ಜವರೇಗೌಡರು ಆ ಹೆಸರನ್ನು ಹೊತ್ತೇ ನಾಡಿಗೆ ‘ದೇಜಗೌ’ ಆದರು.

ಪಿಸುಗುಟ್ಟಿದ ಹುಡುಗನ ನಾಲಿಗೆಯ ಮೇಲೆ ಇದ್ದದ್ದು ಸಾಮಾನ್ಯ ಹೆಸರಲ್ಲ. ಅದರ ಒಂದು ಕವಲು ಋಗ್ವೇದದಲ್ಲಿದೆ, ಇನ್ನೊಂದು ಅವೆಸ್ತಾದಲ್ಲಿದೆ. ಅದರ ನೆಂಟನೊಬ್ಬ ಸಮರಕಂದದಲ್ಲಿ ಪೈ ಲೆಕ್ಕ ಮಾಡಿದ, ಇನ್ನೊಬ್ಬ ಬೆಂಗಳೂರಿಗೆ ವಿಜ್ಞಾನ ತಂದ. ಅಂಥ ಹೆಸರನ್ನು ತಲೆ ಎತ್ತಿ ಹೇಳಬಹುದು.

ಆದ್ದರಿಂದ ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ನಿಮ್ಮ ಮನೆಯ ಹಿರಿಯರ ಹೆಸರುಗಳನ್ನು ಮೂರು ತಲೆಮಾರಿನವರೆಗೆ ಬರೆಯಿರಿ. ಪ್ರತಿ ಹೆಸರಿನ ಮುಂದೆ ಅದನ್ನು ಯಾರು ಇಟ್ಟರು, ಏಕೆ ಇಟ್ಟರು ಎಂದು ಕೇಳಿ ಬರೆದುಕೊಳ್ಳಿ. ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು ಕೇಳಲು ಬಂದಾಗ ‘ಅದೇನು ಹಳೇ ಹೆಸರು ಬಿಡು’ ಎಂದು ಕೈಬೀಸಬೇಡಿ. ಟಿ.ವಿ. ಆರಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ನಿಮಗೆ ಮಾತ್ರ ಗೊತ್ತಿರುವ ಕಥೆಗಳು ಅವು. ನಾಳೆ ತರಗತಿಗೆ ಹೊಸ ಹುಡುಗನೊಬ್ಬ ಬಂದು ಕಿವಿಗೆ ಹೊಸದಾದ ಒಂದು ಹೆಸರು ಹೇಳಿದರೆ ನಗಬೇಡಿ, ಅರ್ಥ ಕೇಳಿ. ಯಾರಿಗೆ ಗೊತ್ತು, ಅವನು ನಿಮ್ಮ ಮುತ್ತಾತನ ನೆಂಟನೇ ಆಗಿರಬಹುದು!